ಸೆರಗು ಲಿಫ್ಟಿನ ಕಣ್ಣಿಗೆ ಬೀಳುವುದೇ?

ಅತ್ತೆಯವರನ್ನು ಮಿರಜದ ಆಸ್ಪತ್ರೆಗೆ ಕರೆದೊಯ್ಯುವ ಜತ್ತದ ಓದುಗರೊಬ್ಬರ ಪ್ರಶ್ನೆ: ಲಿಫ್ಟ್ ಬಾಗಿಲು ಮುಚ್ಚುವಾಗ ಕೈ ಅಡ್ಡ ಹಿಡಿದರೆ ಸಾಕೇ? ಅತ್ತೆಯ ಸೆರಗು ಸಿಕ್ಕಿಕೊಂಡರೆ?

ಕೈ ಸಾಮಾನ್ಯವಾಗಿ ಪಾರಾಗುತ್ತದೆ. ಸೆರಗಿನ ಭರವಸೆ ಇಲ್ಲ.

ಹೊಸ ಲಿಫ್ಟುಗಳ ಬಾಗಿಲಂಚಿನಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳ ಪರದೆ ಇರುತ್ತದೆ. ಕಿರಣಕ್ಕೆ ಅಡ್ಡ ಬಂದರೆ ಬಾಗಿಲು ಹಿಂದೆ ಸರಿಯುತ್ತದೆ. ಯುರೋಪಿನ ಇಎನ್ 81-20 ಮಾನದಂಡದಂತೆ ಈ ಪರದೆ ಹೊಸ್ತಿಲಿನಿಂದ 25 ಮಿ.ಮೀ. ಎತ್ತರದಿಂದ 1600 ಮಿ.ಮೀ.ವರೆಗೆ ಕಾಯಬೇಕು, 50 ಮಿ.ಮೀ. ದಪ್ಪದ ಅಡ್ಡಿಯನ್ನು ಗುರುತಿಸಬೇಕು. ಸೀರೆಯ ಅಂಚು, ಚೀಲದ ದಾರ, ಊರುಗೋಲು ಅಷ್ಟು ದಪ್ಪವೆಲ್ಲಿ?

ಮುಚ್ಚುವ ಬಲಕ್ಕೂ 150 ನ್ಯೂಟನ್ ಮಿತಿಯಿದೆ. ಸುಮಾರು 15 ಕಿಲೋ ಭಾರದ ಒತ್ತು. ವಯಸ್ಸಾದ ಮೂಳೆಗೆ ಅದೇನು ಕಡಿಮೆಯಲ್ಲ.

ಕೊನೆಯ ಕಾವಲು ಇಂಟರ್‌ಲಾಕ್. ಅಂತಸ್ತಿನ ಬಾಗಿಲಿನ ಕೊಂಡಿ ಕನಿಷ್ಠ 7 ಮಿ.ಮೀ. ಒಳಹೊಕ್ಕ ಮೇಲೆಯೇ ಲಿಫ್ಟ್ ಹೊರಡಬೇಕು. ತೆಳುಬಟ್ಟೆ ನಡುವೆ ಸಿಕ್ಕಿದ್ದರೂ ಕೊಂಡಿ ಕೂಡಬಹುದು, ನಿಜವಾದ ಅಪಾಯ ಇದೇ. ಜಾಲರಿ ಬಾಗಿಲಿನ ಹಳೆಯ ಲಿಫ್ಟುಗಳಲ್ಲಂತೂ ಸಾಮಾನ್ಯವಾಗಿ ಕಿರಣಗಳೇ ಇರುವುದಿಲ್ಲ. ಸಂದಿಯಲ್ಲಿ ಬೆರಳು ತೂರಿಸಬಾರದು.

ಆದ್ದರಿಂದ ಸೊಸೆ ಒಳಗೆ ಹೋಗಿ ಬಾಗಿಲು ತೆರೆದಿಡುವ ಗುಂಡಿ ಒತ್ತಿ ಹಿಡಿಯಲಿ, ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಯೇ ಒಳಬರಲಿ. ಕೈ ಅಡ್ಡ ಹಿಡಿಯುವ ಚಟ ಬೇಡ. ಬಾಗಿಲು ತಾಗಿಯೂ ಹಿಂದೆ ಸರಿಯದಿದ್ದರೆ ಆಡಳಿತಕ್ಕೆ ಬರೆದು ಕೊಡಿ: ಮಹಾರಾಷ್ಟ್ರದಲ್ಲಿ 1939ರ ಕಾನೂನಿನ ಜಾಗಕ್ಕೆ ಬಂದ 2017ರ ಲಿಫ್ಟ್ ಕಾಯ್ದೆಯಡಿ ಲಿಫ್ಟ್ ನಡೆಸಲು ಲೈಸೆನ್ಸ್ ಬೇಕು.