ನೂರೈದು ಡಾಲರಿನ ಟಿಕೆಟ್ಟು

2023ರ ಜನವರಿಯ ಒಂದು ಶನಿವಾರ ಸಂಜೆ. ನ್ಯೂಜೆರ್ಸಿಯ ಬ್ರಿಡ್ಜ್‌ವಾಟರ್‌ನಲ್ಲಿರುವ ವೆಂಕಟೇಶ್ವರ ದೇವಸ್ಥಾನದಿಂದ ಮನೆಗೆ ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಪುಳಿಯೋಗರೆ ಡಬ್ಬಿ, ಪಕ್ಕದಲ್ಲಿ ಹೆಂಡತಿ. 40 ಮೈಲಿ ಮಿತಿಯ ರಸ್ತೆಯಲ್ಲಿ ನಾನು 57ರಲ್ಲಿದ್ದೆ. ಕನ್ನಡಿಯಲ್ಲಿ ಕೆಂಪು-ನೀಲಿ ದೀಪ ಮಿನುಗಿದಾಗ ಅವಳು ಹೇಳಿದ್ದು ಒಂದೇ ಮಾತು: "ರೀ, ಆಗ್ಲಿಂದ ಹೇಳ್ತಾನೇ ಇದ್ದೆ."

ಟಿಕೆಟ್ಟಿನಲ್ಲಿ ದಂಡ 105 ಡಾಲರ್. ಊಟ ಮುಗಿಸಿ, ಆನ್‌ಲೈನ್‌ನಲ್ಲೇ ಕಟ್ಟಿ ಕೈತೊಳೆದುಕೊಳ್ಳೋಣ ಎಂದು ಲ್ಯಾಪ್‌ಟಾಪ್ ತೆರೆದೆ. ಕಾರ್ಡ್ ನಂಬರೂ ಹಾಕಿಯಾಗಿತ್ತು. ಅಷ್ಟರಲ್ಲಿ ಬೇರೇನೋ ಕೆಲಸಕ್ಕೆ ಫೋನ್ ಮಾಡಿದ ದಾವಣಗೆರೆಯ ಗೆಳೆಯರೊಬ್ಬರು ವಿಷಯ ಕೇಳಿ ಗಾಬರಿಯಾದರು. "ಮೊದ್ಲು ಅದನ್ನ ಮುಚ್ರಿ. ದಂಡ ಕಟ್ಟಿದ್ರೆ ತಪ್ಪು ಒಪ್ಕೊಂಡಂಗೆ. ಪಾಯಿಂಟ್ ಎಷ್ಟು ಬೀಳ್ತಾವೆ ಅಂತ ನೋಡಿದ್ರೇನು?"

ನೋಡಿರಲಿಲ್ಲ. ಹಣಕಾಸಿನ ಅಂಕಣ ಬರೆಯುವವನ ಕಣ್ಣಿಗೂ ಆ ರಾತ್ರಿ ಬಿದ್ದದ್ದು ಡಾಲರ್ ಮಾತ್ರ.

ನ್ಯೂಜೆರ್ಸಿಯ ಲೆಕ್ಕ ಹೀಗಿದೆ. ಮಿತಿಗಿಂತ 14 ಮೈಲಿವರೆಗೆ ಹೆಚ್ಚಾದರೆ ಲೈಸೆನ್ಸಿಗೆ ಎರಡು ಪಾಯಿಂಟ್, 15ರಿಂದ 29ರವರೆಗೆ ನಾಲ್ಕು, 30 ದಾಟಿದರೆ ಐದು. ನಾನು 17 ಮೈಲಿ ಹೆಚ್ಚಿಗೆ ಓಡಿಸಿದ್ದೆ, ಹಾಗಾಗಿ ನಾಲ್ಕು. ಮೂರೇ ಮೂರು ಮೈಲಿ ಕಡಿಮೆಯಾಗಿದ್ದರೆ ಎರಡಕ್ಕೆ ಮುಗಿಯುತ್ತಿತ್ತು. 12 ತುಂಬಿದರೆ ಲೈಸೆನ್ಸ್ ಅಮಾನತು. ನಾನು ಅಲ್ಲಿಂದ ದೂರವಿದ್ದೆ, ನಿಜ. ಆದರೆ ಜೇಬಿಗೆ ಕತ್ತರಿ ಬೀಳುವುದು 12ಕ್ಕಲ್ಲ, ಆರಕ್ಕೆ. ಮೂರು ವರ್ಷದೊಳಗೆ ಆರಾದರೆ ಮೋಟಾರು ವಾಹನ ಆಯೋಗ 150 ಡಾಲರಿನ ಸರ್‌ಚಾರ್ಜ್ ಬಿಲ್ ಕಳಿಸುತ್ತದೆ, ಆರರ ಮೇಲೆ ಒಂದೊಂದು ಪಾಯಿಂಟಿಗೂ ಇನ್ನೂ 25. ಹಿಂದಿನ ಮೂರು ವರ್ಷದ ಲೆಕ್ಕದಲ್ಲಿ ಆರು ಉಳಿದಿರುವಷ್ಟು ಕಾಲ ಆ ಬಿಲ್ ವರ್ಷಾ ವರ್ಷ ಬರುತ್ತದೆ.

ನನ್ನದು ಸರಿಯಾಗಿ ಆರಕ್ಕೇ ಬಂದು ನಿಲ್ಲುತ್ತಿತ್ತು. ಹಿಂದಿನ ವರ್ಷ ಪಿಟ್ಸ್‌ಬರ್ಗ್ ದೇವಸ್ಥಾನಕ್ಕೆ ಹೋಗುವಾಗ ಪೆನ್ಸಿಲ್ವೇನಿಯಾದಲ್ಲಿ ಒಂದು ಟಿಕೆಟ್ ಆಗಿತ್ತು. ಬೇರೆ ರಾಜ್ಯದ್ದು ತಾನೇ, ಅಲ್ಲೇ ಕಳೆಯಿತು ಎಂದುಕೊಂಡಿದ್ದೆ. ಹೊರರಾಜ್ಯದಲ್ಲಿ ಹೀಗೆ ಸಿಕ್ಕಿಬಿದ್ದರೆ ಊರಿಗೆ ಬಂದ ಮೇಲೆ ನ್ಯೂಜೆರ್ಸಿ ತನ್ನ ಲೆಕ್ಕದಲ್ಲಿ ಎರಡು ಪಾಯಿಂಟ್ ಬರೆದುಕೊಳ್ಳುತ್ತದೆ. (ಎರಡೂ ಟಿಕೆಟ್ ದೇವರ ದರ್ಶನದ ದಾರಿಯಲ್ಲೇ ಸಿಕ್ಕಿದ್ದನ್ನು ನನ್ನ ಹೆಂಡತಿ ಇವತ್ತಿಗೂ ಎಲ್ಲರೆದುರು ಹೇಳುತ್ತಾಳೆ.)

ಹಳೆಯ ಕಾಗದ ತೆಗೆದು ನೋಡಿದೆ. ಪೆನ್ಸಿಲ್ವೇನಿಯಾದ ಆ ಟಿಕೆಟ್ ಆದ ಮೇಲೆ ಕಾರಿನ ವಿಮೆ ಆರು ತಿಂಗಳಿಗೆ 96 ಡಾಲರ್ ಏರಿತ್ತು. ಆಗ ಬೆಲೆ ಏರಿಕೆ ಎಂದು ಸುಮ್ಮನಾಗಿದ್ದೆ. ಮೂರು ವರ್ಷ ಹೀಗೇ ನಡೆದರೆ 576 ಡಾಲರ್. ಕಟ್ಟಿ ಮರೆತ ದಂಡಕ್ಕಿಂತ ಎಷ್ಟೋ ಹೆಚ್ಚು, ಅದೂ ಎರಡು ಪಾಯಿಂಟಿಗೆ! ನಾಲ್ಕಕ್ಕೆ ಎಷ್ಟಾಗುತ್ತದೆಂದು ವಿಮೆ ಏಜೆಂಟರನ್ನು ಕೇಳುವ ಧೈರ್ಯವಾಗಲಿಲ್ಲ.

ಮರುದಿನ ದಂಡ ಕಟ್ಟದೆ ಕೋರ್ಟಿಗೆ ತಪ್ಪೊಪ್ಪುವುದಿಲ್ಲ ಎಂದು ತಿಳಿಸಿದೆ. ಫೆಬ್ರುವರಿಯಲ್ಲಿ ಜೂಮ್‌ನಲ್ಲೇ ವಿಚಾರಣೆ. ಸರ್ಕಾರಿ ವಕೀಲರು ಎರಡು ನಿಮಿಷ ಮಾತಾಡಿ, ವೇಗದ ಆರೋಪದ ಬದಲು 'ಅಸುರಕ್ಷಿತ ಚಾಲನೆ' ಒಪ್ಪಿಕೊಳ್ಳುತ್ತೀರಾ ಎಂದರು. ಅದಕ್ಕೆ ಮೊದಲೆರಡು ಸಲ ಪಾಯಿಂಟೇ ಇಲ್ಲ. ಐದು ವರ್ಷದೊಳಗೆ ಮೂರನೆಯ ಸಲವಾದರೆ ನಾಲ್ಕು ಬೀಳುತ್ತವೆ. ಪಾಯಿಂಟ್ ಇಲ್ಲದಿರುವುದಕ್ಕೆ ಬೆಲೆಯಿದೆ: ದಂಡ 100, ಕೋರ್ಟ್ ಖರ್ಚು 33, ಅದರ ಮೇಲೆ ಕಡ್ಡಾಯ ಸರ್‌ಚಾರ್ಜ್ 250. ಒಟ್ಟು 383 ಡಾಲರ್. ಹೂಂ ಎಂದೆ.

ಅದೇ ವಾರ ಬೆಂಗಳೂರಿನ ತಮ್ಮ ಫೋನ್ ಮಾಡಿದ್ದ. ಅಲ್ಲಿ ಫೆಬ್ರುವರಿ 11ರವರೆಗೆ ಬಾಕಿ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ. ಜನ ಮುಗಿಬಿದ್ದು ನೂರು ಕೋಟಿ ರೂಪಾಯಿಗೂ ಹೆಚ್ಚು ಕಟ್ಟಿದರು. ಇವನೂ ಹೆಲ್ಮೆಟ್ಟು, ಸಿಗ್ನಲ್ಲು ಎಲ್ಲ ಸೇರಿ 3,500 ಇದ್ದದ್ದನ್ನು 1,750ಕ್ಕೆ ಮುಗಿಸಿದ್ದ. ನನ್ನ 383 ಡಾಲರನ್ನು ರೂಪಾಯಿಗೆ ತಿರುಗಿಸಿ, "ಮೂವತ್ತೊಂದು ಸಾವಿರಾನಾ? ಅಣ್ಣ, ಅಲ್ಲಿ ಅರ್ಧಕ್ಕೆ ಬಿಡೋ ಸ್ಕೀಮ್ ಇಲ್ವಾ?" ಎಂದ. ಇಲ್ಲಿ ಸ್ಕೀಮು ಉಲ್ಟಾ ಕಣೋ, ಜಾಸ್ತಿ ಕಟ್ಟಿದರೆ ಪಾಯಿಂಟ್ ಬಿಡುತ್ತಾರೆ ಎಂದೆ. ಅವನ ದಂಡ ಅಲ್ಲಿಗೇ ಮುಗಿಯಿತು, ವಿಮೆಯ ಪ್ರೀಮಿಯಮ್ಮಿಗೆ ಅದರ ಗಾಳಿಯೂ ಸೋಕಲಿಲ್ಲ. 2021ರಲ್ಲಿ ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರದ ಸಮಿತಿಯೊಂದು ಕುಡಿದು ಓಡಿಸಿದರೆ 100 ಪಾಯಿಂಟ್, ತಪ್ಪು ಜಾಗದಲ್ಲಿ ಪಾರ್ಕ್ ಮಾಡಿದರೆ 10 ಎಂದು ಎಣಿಸಿ, ಅದರ ಮೇಲೆ ಪ್ರೀಮಿಯಮ್ ಹಾಕಬೇಕೆಂದು ಸೂಚಿಸಿತ್ತು. ತಮ್ಮನಿಗೆ ಅದನ್ನು ಹೇಳಿದೆ, ಅವನಿಗೆ ಇಷ್ಟವಾಗಲಿಲ್ಲ.

ನನ್ನ ಒಪ್ಪಂದ ನನಗೆ ಲಾಭವೇ. ಆದರೂ ಮನಸ್ಸಿಗೆ ಚುಚ್ಚುತ್ತದೆ. 57ರಲ್ಲಿ ಓಡಿಸಿದ್ದು ನಾನೇ, ಅದರಲ್ಲಿ ಎರಡು ಮಾತಿಲ್ಲ. 383 ಒಟ್ಟಿಗೆ ಎಣಿಸಿಡಲು ಆಗದವನು 105 ಕಟ್ಟಿ ನಾಲ್ಕು ಪಾಯಿಂಟ್ ಹೊತ್ತು, ಮೂರು ವರ್ಷ ಕಂತುಕಂತಾಗಿ ನನಗಿಂತ ಹೆಚ್ಚು ತೆರುತ್ತಾನೆ. ಅಂದು ಪರದೆಯಲ್ಲಿ ನನಗಿಂತ ಮೊದಲು ಬಂದ ಹುಡುಗನೊಬ್ಬ, ಪೀಜಾ ಅಂಗಡಿಯ ಟೋಪಿ ಹಾಕಿಕೊಂಡಿದ್ದವನು, ಹಾಗೇ ಮಾಡಿದ.

ಹಳೆಯ ಎರಡು ಪಾಯಿಂಟ್ ಉಳಿದಿದ್ದವು. ಒಂದು ವರ್ಷ ಯಾವ ತಪ್ಪೂ ಮಾಡದಿದ್ದರೆ ಮೂರು ಕಳೆಯುತ್ತಾರೆ, ನನ್ನ ವರ್ಷವೋ ಈಗಷ್ಟೇ ಕೆಟ್ಟಿತ್ತು. ಹಾಗಾಗಿ ಡಿಫೆನ್ಸಿವ್ ಡ್ರೈವಿಂಗ್ ಕೋರ್ಸಿಗೆ ಸೇರಿದೆ. ಐದು ವರ್ಷಕ್ಕೊಮ್ಮೆ ಅದರಿಂದ ಎರಡು ಪಾಯಿಂಟ್ ಇಳಿಯುತ್ತವೆ, ಮೂರು ವರ್ಷ ವಿಮೆಯಲ್ಲೂ ರಿಯಾಯಿತಿ. ಪಾಯಿಂಟ್ ಇಳಿದರೂ ತಪ್ಪಿನ ದಾಖಲೆ ಅಳಿಯುವುದಿಲ್ಲ, ವಿಮೆಯವರು ಅದನ್ನು ನೋಡಬಹುದು. ಅದೃಷ್ಟಕ್ಕೆ ಮುಂದಿನ ನವೀಕರಣದಲ್ಲಿ ನನ್ನ ಪ್ರೀಮಿಯಮ್ ಏರಲಿಲ್ಲ.

ಎರಡು ಸಂಜೆ ಅಡುಗೆಮನೆಯ ಮೇಜಿನ ಮೇಲೆ ಕೋರ್ಸ್ ನಡೆಯಿತು. ಮುಂದಿನ ಕಾರಿಗೆ ತೀರಾ ಅಂಟಿಕೊಂಡು ಓಡಿಸಿದರೆ ಐದು ಪಾಯಿಂಟ್, ನನ್ನ ವೇಗಕ್ಕಿಂತ ಒಂದು ಹೆಚ್ಚು, ಎಂದು ಗೊತ್ತಾದದ್ದು ಅಲ್ಲೇ. ಎಷ್ಟು ಸೆಕೆಂಡಿನ ಅಂತರ ಬಿಡಬೇಕು ಎಂಬ ಪ್ರಶ್ನೆಗೆ ನಾನು ಒಂದು ಎಂದು ಒತ್ತಿದೆ, ತಪ್ಪು ಎಂದು ಬಂತು. ಒಗ್ಗರಣೆ ಹಾಕುತ್ತಿದ್ದ ಹೆಂಡತಿ ತಿರುಗಿಯೂ ನೋಡದೆ, "ಮೂರು, ರೀ" ಎಂದಳು.