ಜೊತೆಗೆ ಸಹಾಯಕರು, ಮಾತು ಮಾತ್ರ ನಿಮ್ಮದೇ

ಪಂಚಾಯಿತಿ ಸಭೆಯಲ್ಲಿ ಪ್ರಶ್ನೆ ಕೇಳಬೇಕು, ತಾಲ್ಲೂಕು ಕಚೇರಿಗೆ ಅರ್ಜಿ ಕೊಡಬೇಕು, ಬಸ್ ನಿಲ್ದಾಣದ ಶೌಚಾಲಯ ಸರಿಪಡಿಸುವಂತೆ ಪಟ್ಟು ಹಿಡಿಯಬೇಕು. ಗಾಲಿಕುರ್ಚಿ ಬಳಸುವವರು, ಕಣ್ಣು ಕಾಣದವರು, ಮಾತು ಸ್ಪಷ್ಟವಿಲ್ಲದವರು ಇಂಥ ಕೆಲಸಕ್ಕೆ ಇಳಿದಾಗ ಜೊತೆಗೊಬ್ಬರು ಬೇಕಾಗುತ್ತದೆ. ಹೆಚ್ಚಿನ ಮನೆಗಳಲ್ಲಿ ಆ ಜೊತೆ ಅಮ್ಮನೋ ಅಕ್ಕನೋ ತಮ್ಮನೋ ಆಗಿರುತ್ತಾರೆ. ಕೆಲವರು ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಾರೆ. ಸಂಬಳ ಇರಲಿ, ಬಿಡಲಿ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇವರೆಲ್ಲರನ್ನೂ ಆರೈಕೆದಾರರೆಂದೇ ಗುರುತಿಸುತ್ತದೆ. ಬಳ್ಳಾರಿ, ಕುರುಗೋಡು, ಸಿರುಗುಪ್ಪ ಭಾಗದಲ್ಲಿ ಸಹಾಯಕರ ಜೊತೆಗೂಡಿ ಹಕ್ಕಿನ ಕೆಲಸ ಮಾಡುವವರು ಈ ಕ್ರಮ ಅನುಸರಿಸಬಹುದು.

1. ಒಂದೇ ವಿಷಯ ಆರಿಸಿಕೊಳ್ಳಿ
ಗ್ರಾಮ ಪಂಚಾಯಿತಿಗಳು ಸ್ವಂತ ವರಮಾನದ ಶೇ 5ರಷ್ಟನ್ನು ವಿಕಲಚೇತನರಿಗಾಗಿ ಮೀಸಲಿಡಬೇಕು. ನಿಮ್ಮ ಪಂಚಾಯಿತಿಯಲ್ಲಿ ಆ ಹಣ ಯಾವುದಕ್ಕೆ ಖರ್ಚಾಯಿತು? ಇದೊಂದೇ ಪ್ರಶ್ನೆ ಮೊದಲ ಕೆಲಸಕ್ಕೆ ಸಾಕು. ಕಚೇರಿಯ ಇಳಿಜಾರು ದಾರಿಯೂ ಒಳ್ಳೆಯ ವಿಷಯವೇ. ಆಯ್ಕೆ ನಿಮ್ಮದಾಗಿರಲಿ, ಸಹಾಯಕರಿಗೆ ಅದರ ಹಿನ್ನೆಲೆ ಪೂರ್ತಿ ತಿಳಿದಿರಲಿ.

2. ಕೆಲಸ, ಕೂಲಿ ಮೊದಲೇ ಮಾತಾಡಿ
ಸ್ನಾನ, ಊಟ, ಔಷಧಿ ನೋಡಿಕೊಳ್ಳುವುದು ಒಂದು ಕೆಲಸ. ಕಡತ ಹಿಡಿಯುವುದು, ಟಿಪ್ಪಣಿ ಬರೆಯುವುದು, ಫೋಟೊ ತೆಗೆಯುವುದು ಬೇರೆಯದೇ ಕೆಲಸ. ಎರಡನ್ನೂ ಹಾಳೆಯ ಮೇಲೆ ಬರೆದು, ಗಂಟೆ, ಹಣ, ವಾರದ ರಜೆ ತೀರ್ಮಾನಿಸಿ. ಮನೆಯವರೇ ಸಹಾಯಕರಾದರೂ ಅವರ ಒಂದು ದಿನದ ದುಡಿಮೆ ಹೋಗುತ್ತದೆ. ಯೋಜನೆಗೆ ಹಣ ಸಿಕ್ಕರೆ ಅವರ ಪಾಲನ್ನು ಮೊದಲು ತೆಗೆದಿಡಿ. ಇದು ಗಡಿ ಭಾಗ. ಕನ್ನಡದ ಜೊತೆ ತೆಲುಗು ಅಥವಾ ಉರ್ದು ಬಲ್ಲವರು ಸಿಕ್ಕರೆ ಮನೆಮನೆ ಭೇಟಿ ಸಲೀಸಾಗುತ್ತದೆ.

3. ಪ್ರಯಾಣ ಲೆಕ್ಕ ಹಾಕಿ
ವಿಕಲಚೇತನರ ರಿಯಾಯಿತಿ ಬಸ್ ಪಾಸ್ ನಿವಾಸದಿಂದ 100 ಕಿ.ಮೀ. ವ್ಯಾಪ್ತಿಗೆ ಅನ್ವಯಿಸುತ್ತದೆ, ಬಳ್ಳಾರಿಯವರಿಗೆ ಕುರುಗೋಡು, ಸಿರುಗುಪ್ಪ ಎರಡೂ ಅದರೊಳಗೇ ಬರುತ್ತವೆ. ಸಹಾಯಕಿ ರಾಜ್ಯದ ಮಹಿಳೆಯಾದರೆ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಉಚಿತ. ಪುರುಷ ಸಹಾಯಕರ ಟಿಕೆಟ್ ಹಣವನ್ನು ಖರ್ಚಿನ ಪಟ್ಟಿಗೆ ಸೇರಿಸಿ. ಜೊತೆಯಿಲ್ಲದೆ ಪ್ರಯಾಣಿಸಲಾಗದವರಿಗೆ ರೈಲಿನಲ್ಲಿ ಕೊಡುವ ರಿಯಾಯಿತಿ ಒಬ್ಬ ಜೊತೆಗಾರರಿಗೂ ಸಿಗುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಬೆಳಿಗ್ಗೆಯೇ ಹೊರಡಿ. ಶೌಚಾಲಯ ಎಲ್ಲಿದೆ ಎಂದು ಸಹಾಯಕರು ಮುಂಚೆಯೇ ನೋಡಿ ಬರಲಿ. ಬೆನ್ನುಹುರಿಗೆ ಪೆಟ್ಟಾದವರು ಗಾಲಿಕುರ್ಚಿಯಲ್ಲಿ ಒಂದೇ ಭಂಗಿಯಲ್ಲಿ ಕೂತರೆ ಹುಣ್ಣಾಗುತ್ತದೆ. ಆಗಾಗ ಭಾರ ಬದಲಿಸಲು ನೆನಪಿಸುವುದೂ ಸಹಾಯಕರ ಕೆಲಸ.

4. ಅಳತೆ ಮಾಡಿ, ಬರೆದಿಡಿ
ಇಳಿಜಾರು ದಾರಿಗೆ ಮಾನದಂಡ 1:12. ಬಾಗಿಲು ನೆಲದಿಂದ ಒಂದಡಿ ಎತ್ತರದಲ್ಲಿದ್ದರೆ ಇಳಿಜಾರು ಹನ್ನೆರಡು ಅಡಿ ಉದ್ದ ಇರಬೇಕು. ಟೇಪು ಹಿಡಿಯುವವರು ಸಹಾಯಕರು. ಎಲ್ಲೆಲ್ಲಿ ಅಳೆಯಬೇಕು, ಗಾಲಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಹೇಳುವವರು ನೀವು. ತಾರೀಖು, ಜಾಗ, ಅಳತೆ, ಫೋಟೊ ಒಂದೇ ಪುಸ್ತಕದಲ್ಲಿರಲಿ.

5. ಅಧಿಕಾರಿಯ ಮುಂದೆ
ಅಧಿಕಾರಿಗಳು ಸಹಾಯಕರನ್ನು ನೋಡಿ ‘ಇವರಿಗೆ ಏನು ಬೇಕಂತೆ?’ ಎಂದು ಕೇಳುವುದುಂಟು. ಆಗ ಸಹಾಯಕರು ಉತ್ತರಿಸದೆ ನಿಮ್ಮ ಕಡೆ ತಿರುಗಲಿ. ‘ಸರ್, ನನ್ನನ್ನೇ ಕೇಳಿ’ ಎಂದು ನೀವೇ ಹೇಳಿ. ಇದನ್ನು ಮನೆಯಲ್ಲಿ ಒಮ್ಮೆ ಅಭ್ಯಾಸ ಮಾಡಿಕೊಂಡು ಹೋಗಿ. ಮಾತು ಸ್ಪಷ್ಟವಿಲ್ಲದಿದ್ದರೆ ಸಹಾಯಕರು ನಿಮ್ಮ ಮಾತನ್ನು ಇದ್ದಂತೆಯೇ, ‘ನಾನು’ ಎಂದೇ ಪುನರುಚ್ಚರಿಸಲಿ. ಏನನ್ನೂ ಸೇರಿಸಬಾರದು, ಮೆತ್ತಗೂ ಮಾಡಬಾರದು. ಸಹಿಯೋ ಹೆಬ್ಬೆಟ್ಟೋ ನಿಮ್ಮದೇ ಇರಲಿ.

6. ಅರ್ಜಿ ಹಾಕಿ
ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ ಶುಲ್ಕ. ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಬರೆಯಲಾಗದವರು ಬಾಯಲ್ಲಿ ಹೇಳಿದರೆ ಬರೆದುಕೊಳ್ಳಲು ಮಾಹಿತಿ ಅಧಿಕಾರಿ ನೆರವಾಗಬೇಕು. ಉತ್ತರಕ್ಕೆ 30 ದಿನ ಗಡುವು. ಹಳ್ಳಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ಪಟ್ಟಣದಲ್ಲಿ ನಗರ ಪುನರ್ವಸತಿ ಕಾರ್ಯಕರ್ತರನ್ನು ಮೊದಲೇ ಭೇಟಿಯಾಗಿ ಸಲಹೆ ಕೇಳಿ.

7. ಕೆಲಸ ಆಗದಿದ್ದರೆ
2016ರ ಕಾಯ್ದೆಯ 23ನೇ ಕಲಂ ಪ್ರಕಾರ ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಕುಂದುಕೊರತೆ ನಿವಾರಣಾ ಅಧಿಕಾರಿ ಇರಬೇಕು. ಉದ್ಯೋಗದಲ್ಲಿ ತಾರತಮ್ಯವಾದ ಬಗ್ಗೆ ದೂರು ನೋಂದಣಿಯಾದ ಎರಡು ವಾರದೊಳಗೆ ಅವರು ವಿಚಾರಣೆ ನಡೆಸಬೇಕು. ತೃಪ್ತಿಯಾಗದಿದ್ದರೆ ಜಿಲ್ಲಾ ಮಟ್ಟದ ಸಮಿತಿ ಇದೆ. ಕಟ್ಟಡ, ಸೌಲಭ್ಯ, ಇತರ ಹಕ್ಕುಗಳ ವಿಷಯಕ್ಕೆ ಬೆಂಗಳೂರಿನಲ್ಲಿರುವ ರಾಜ್ಯ ಆಯುಕ್ತರಿಗೆ ಬರೆಯಿರಿ. ಪ್ರತಿ ಅರ್ಜಿಗೂ ಸ್ವೀಕೃತಿ ಪಡೆದು, ಒಂದು ಪ್ರತಿಯನ್ನು ಸಹಾಯಕರ ಬಳಿಯೂ ಇಡಿ.

8. ಗುಟ್ಟು ಕಾಪಾಡಿ, ಕೂತು ಮಾತಾಡಿ
ಸಹಾಯಕರಿಗೆ ನಿಮ್ಮ ದೇಹ, ಹಣ, ಮನೆಯ ಸಂಗತಿಗಳೆಲ್ಲ ತಿಳಿಯುತ್ತವೆ. ಹೊರಗೆ ಏನು ಹೇಳಬಾರದು ಎಂಬುದು ಮೊದಲ ದಿನವೇ ಸ್ಪಷ್ಟವಾಗಲಿ. ಅವರ ಸಂಕಟಗಳನ್ನು ನೀವೂ ಅಷ್ಟೇ ಗುಟ್ಟಾಗಿಡಿ. ತಿಂಗಳಿಗೊಮ್ಮೆ ಕೂತು, ಯಾವುದು ಭಾರವಾಯಿತು ಎಂದು ಇಬ್ಬರೂ ಹೇಳಿಕೊಳ್ಳಿ. ಅವರು ರಜೆಯಲ್ಲಿದ್ದಾಗ ಕೆಲಸ ನಿಲ್ಲದಂತೆ ಇನ್ನೊಬ್ಬರಿಗೂ ಕಲಿಸಿಡಿ.

ಅಮೆರಿಕದ ಬರ್ಕ್ಲಿಯಲ್ಲಿ 1972ರಲ್ಲಿ ಸ್ವತಂತ್ರ ಜೀವನ ಕೇಂದ್ರ ಕಟ್ಟಿದ ವಿಕಲಚೇತನರು ಸಹಾಯಕರ ನೆರವನ್ನು ದಾನವೆನ್ನದೆ ಹಕ್ಕೆಂದು ಕೇಳಿದರು. ಭಾರತ 2007ರಲ್ಲಿ ಒಪ್ಪಿದ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯೂ ಅದನ್ನೇ ಹೇಳುತ್ತದೆ. ಹೆಚ್ಚಿನ ನೆರವು ಬೇಕಾದವರು ಅದಕ್ಕಾಗಿ ಅರ್ಜಿ ಹಾಕಲು ನಮ್ಮ ಕಾಯ್ದೆಯ 38ನೇ ಕಲಂ ದಾರಿ ಕೊಟ್ಟಿದೆ. ಆರೈಕೆದಾರರ ಭತ್ಯೆಯ ಮಾತು 24ನೇ ಕಲಮಿನಲ್ಲಿದೆ. ನಿಮ್ಮ ಮುಂದಿನ ಅರ್ಜಿಯ ವಿಷಯ ಇದೇ ಆಗಲಿ. ಸಹಾಯಕರ ದುಡಿಮೆಗೆ ಬೆಲೆ ಕೇಳುವುದೂ ನಿಮ್ಮ ಹಕ್ಕಿನ ಹೋರಾಟವೇ.