ಹಳೆಯ ಕಾರು ಆಯಿಲ್ ತಿನ್ನುತ್ತಿದೆಯೇ? ನೋಡಿ ತಿಳಿಯುವ ಬಗೆ



ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಮಾರುವವನ ಮಾತನ್ನಷ್ಟೇ ನಂಬಿ ಹಣ ಎಣಿಸುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಅದೇ ರೈತನು ಹಳೆಯ ಕಾರು ಕೊಳ್ಳುವಾಗ ಬಣ್ಣ, ಸೀಟು, ಟೈರು ನೋಡಿ ಒಪ್ಪಿಬಿಡುವುದುಂಟು. ಹುಣಸೂರು, ಪಿರಿಯಾಪಟ್ಟಣಗಳ ಕಡೆ ಹೊಗೆಸೊಪ್ಪಿನ ಹರಾಜಿನ ಹಣ, ಕೆ.ಆರ್. ನಗರದ ಕಡೆ ಭತ್ತದ ಹಣ ಕೈಗೆ ಬಂದಾಗ ಮನೆಗೊಂದು ಕಾರು ಇರಲೆಂಬ ಆಸೆ ಸಹಜ. ಎಚ್.ಡಿ. ಕೋಟೆಯ ಕಾಡಂಚಿನ ಹಳ್ಳಿಗಳಲ್ಲಂತೂ ರಾತ್ರಿ ಹೊತ್ತು ಆಸ್ಪತ್ರೆಗೆ ಓಡಲು ಅದೇ ಆಸರೆ. ಆ ಕಾರು ದಾರಿಯಲ್ಲಿ ನಿಲ್ಲದಿರಬೇಕಾದರೆ ಅದರ ಎಂಜಿನ್ ಆಯಿಲ್ ತಿನ್ನುತ್ತದೆಯೇ ಎಂಬುದನ್ನು ಮೊದಲು ತಿಳಿಯಬೇಕು.

ಆಯಿಲ್ ಕಡಿಮೆಯಾದೊಡನೆ ಬಹಳ ಜನರ ಬಾಯಲ್ಲಿ ಬರುವುದು ಒಂದೇ ಮಾತು: "ಎಂಜಿನ್ ಬೋರಿಗೆ ಬಂದಿದೆ." ಇದು ಯಾವಾಗಲೂ ನಿಜವಲ್ಲ. ಕಾರಣ ಸಣ್ಣದಿರಬಹುದು, ದೊಡ್ಡದೂ ಇರಬಹುದು. ಎರಡಕ್ಕೂ ತಗಲುವ ಖರ್ಚಿನಲ್ಲಿ ಅಜಗಜಾಂತರ. ಆದ್ದರಿಂದ ಕೆಳಗಿನ ಕ್ರಮದಲ್ಲಿ ಪರೀಕ್ಷಿಸಿರಿ.

1. ಸೋರುತ್ತಿದೆಯೋ, ಉರಿಯುತ್ತಿದೆಯೋ?

ರಾತ್ರಿ ಕಾರು ನಿಲ್ಲಿಸುವ ಕಡೆ ಎಂಜಿನ್ ಕೆಳಗೆ ಒಂದು ಹಳೆಯ ರಟ್ಟು ಹಾಸಿರಿ. ಬೆಳಿಗ್ಗೆ ರಟ್ಟಿನ ಮೇಲೆ ಆಯಿಲ್ ತೊಟ್ಟು ಬಿದ್ದಿದ್ದರೆ ಸೋರಿಕೆ ಇದೆ ಎಂದರ್ಥ. ಎಂಜಿನ್ನಿನ ಮೇಲ್ಭಾಗ ಹಾಗೂ ಪಕ್ಕಗಳು ಜಿಡ್ಡಾಗಿ ಧೂಳು ಅಂಟಿವೆಯೇ ಎಂದೂ ನೋಡಿರಿ. ಕೆಲವು ಸೋರಿಕೆಗಳು ಓಡುವಾಗ ಮಾತ್ರ ಕಾಣುತ್ತವೆ. ಹೊರಗೆ ಎಲ್ಲವೂ ಒಣಗಿದ್ದು, ಒಳಗೆ ಆಯಿಲ್ ಇಳಿಯುತ್ತಿದ್ದರೆ ಅದು ಉರಿದು ಹೋಗುತ್ತಿದೆ.

2. ಹೊಗೆಯ ಬಣ್ಣ

ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಎಲೆಯ ಬಣ್ಣ ನೋಡಿ ಶಾಖ ಹೆಚ್ಚು ಕಡಿಮೆ ಮಾಡುವುದು ನಿಮಗೆ ಗೊತ್ತು. ಎಂಜಿನ್ನೂ ಹಾಗೆಯೇ ಬಣ್ಣದಿಂದ ತನ್ನ ಸ್ಥಿತಿಯನ್ನು ಹೇಳುತ್ತದೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಎಂದರೆ ಇಂಧನ ಹೆಚ್ಚಾಗಿದೆ ಅಥವಾ ಗಾಳಿ ಸಾಲದು. ಮೊದಲು ಗಾಳಿ ಫಿಲ್ಟರ್ ನೋಡಿರಿ. ಚಳಿಯ ಬೆಳಿಗ್ಗೆ ಸ್ವಲ್ಪ ಹೊತ್ತು ಕಂಡು ಮಾಯವಾಗುವ ಬಿಳಿ ಆವಿಗೆ ಹೆದರಬೇಕಿಲ್ಲ. ಎಂಜಿನ್ ಕಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಾ, ರೇಡಿಯೇಟರಿನ ನೀರು ಇಳಿಯುತ್ತಿದ್ದರೆ ನೀರು ಎಂಜಿನ್ನಿನ ಒಳಕ್ಕೆ ನುಗ್ಗುತ್ತಿದೆಯೆಂಬ ಶಂಕೆ ಇಡಬೇಕು.

3. ಹೊಗೆ ಯಾವಾಗ ಬರುತ್ತದೆ?

ಪಾಠದ ಮುಖ್ಯ ಭಾಗ ಇದೇ. ಹೊಗೆ ಬರುವ ಹೊತ್ತು ರೋಗದ ಜಾಗವನ್ನು ತೋರಿಸುತ್ತದೆ.

(ಅ) ರಾತ್ರಿಯೆಲ್ಲ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲುಗಳು ಸವೆದಿರಬಹುದು. ಮೇಲಿನ ಆಯಿಲ್ ರಾತ್ರಿ ಅವುಗಳ ಮೂಲಕ ಒಳಕ್ಕೆ ಇಳಿದಿರುತ್ತದೆ.

(ಆ) ಇಳಿಜಾರಿನಲ್ಲಿ ಗೇರಿನಲ್ಲೇ ಆಕ್ಸಿಲರೇಟರ್ ಬಿಟ್ಟು ಇಳಿದು, ಕೆಳಗೆ ಬಂದು ಮತ್ತೆ ಒತ್ತಿದಾಗ ಹೊಗೆ ಉಗುಳಿದರೂ ವಾಲ್ವಿನ ಕಡೆಯೇ ಸಂಶಯ ಹೆಚ್ಚು.

(ಇ) ಏರು ಹತ್ತುವಾಗ, ಭಾರ ಎಳೆಯುವಾಗ ಎಡೆಬಿಡದೆ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗು ಇಲ್ಲವೆ ಬೋರ್ ಸವೆದಿರಬಹುದು. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಸಡಿಲಿಸಿ ನೋಡಿರಿ. ಮುಚ್ಚಳ ಕುಣಿಯುತ್ತಾ, ಬುಸುಬುಸು ಹೊಗೆ ಬಂದರೆ ಶಂಕೆ ಬಲವಾಗುತ್ತದೆ. ಬಿಸಿ ಆಯಿಲ್ ಸಿಡಿಯಬಹುದು, ಮುಖ ದೂರವಿರಲಿ.

(ಈ) ಟರ್ಬೊ ಇರುವ ಕಾರಿನಲ್ಲಿ ಅದರ ಸೀಲ್ ಹೋದರೂ ನೀಲಿ ಹೊಗೆ ಬರುತ್ತದೆ. ಟರ್ಬೊದಿಂದ ಹೊರಡುವ ಗಾಳಿ ಪೈಪನ್ನು ಬಿಚ್ಚಿಸಿ ನೋಡಿರಿ. ತೆಳುವಾದ ಜಿಡ್ಡು ಸಾಮಾನ್ಯ. ಆಯಿಲ್ ನಿಂತಿದ್ದರೆ ದೋಷ.

ಪೆಟ್ರೋಲ್ ಕಾರಾದರೆ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿಸಿ ನೋಡಿರಿ. ಯಾವುದು ಕಪ್ಪಗೆ ಜಿಡ್ಡುಗಟ್ಟಿದೆಯೋ ಆ ಸಿಲಿಂಡರಿನಲ್ಲಿ ಆಯಿಲ್ ಉರಿಯುತ್ತಿದೆ. ಕಂಪ್ರೆಷನ್ ಪರೀಕ್ಷೆಯನ್ನು ಮೆಕ್ಯಾನಿಕ್ಕಿನಿಂದ ಮಾಡಿಸಿರಿ. ಪೆಟ್ರೋಲ್ ಎಂಜಿನ್ನಿನಲ್ಲಿ ಒತ್ತಡ ಕಡಿಮೆ ಬಂದು, ಒಂದು ಚಮಚ ಆಯಿಲ್ ಬಿಟ್ಟ ಮೇಲೆ ಏರಿದರೆ ರಿಂಗು, ಬೋರಿನ ದೋಷ. ಡೀಸೆಲ್ ಎಂಜಿನ್ನಿನಲ್ಲಿ ಈ ಆಯಿಲ್ ಬಿಡುವ ಕ್ರಮ ಬೇಡ.

4. ಸಣ್ಣ ಕಾರಣಗಳನ್ನು ಮೊದಲು ನೋಡಿರಿ

ಆಯಿಲ್ ಮೇಲಿನ ಗುರುತನ್ನು ಮೀರಿದ್ದರೂ ಉರಿಯಬಹುದು. ಕಂಪನಿ ಹೇಳಿದ್ದಕ್ಕಿಂತ ತೆಳುವಾದ ಆಯಿಲ್ ಹಾಕಿದ್ದರೂ ಬೇಗ ಇಳಿಯುತ್ತದೆ. ಎಂಜಿನ್ ಒಳಗಿನ ಹಬೆ ಹೊರಹೋಗುವ ವಾಲ್ವು ಕಟ್ಟಿಕೊಂಡರೆ ಆಯಿಲ್ ದಾರಿ ತಪ್ಪಿ ಒಳಕ್ಕೆ ಹೋಗುತ್ತದೆ. ಇವನ್ನು ಸರಿಪಡಿಸಲು ಎಂಜಿನ್ ಇಳಿಸಬೇಕಿಲ್ಲ. ಹಲವು ಕಾರುಗಳಲ್ಲಿ ವಾಲ್ವ್ ಸೀಲುಗಳನ್ನೂ ಎಂಜಿನ್ ಇಳಿಸದೆ ಬದಲಿಸಬಹುದು. ರಿಂಗು, ಬೋರಿನ ಕೆಲಸಕ್ಕಾದರೆ ಎಂಜಿನ್ ಬಿಚ್ಚಲೇಬೇಕು.

5. ಅಳೆದು ಬರೆದಿಡಿರಿ

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆ ಸೋಸುವ ಫಿಲ್ಟರ್ ಇರುತ್ತದೆ. ಇಂಥವುಗಳಲ್ಲಿ ಹೊಗೆ ಕಣ್ಣಿಗೆ ಕಾಣದೆಯೂ ಆಯಿಲ್ ಉರಿಯಬಹುದು. ಅದರ ಬೂದಿ ಆ ಫಿಲ್ಟರನ್ನೂ ಕಟ್ಟಿಹಾಕುತ್ತದೆ. ಆದ್ದರಿಂದ ಅಳತೆಯೇ ನಂಬಿಕೆಯ ಸಾಕ್ಷಿ.

ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ 10 ನಿಮಿಷ ಬಿಡಿರಿ. ಅಳತೆ ಕಡ್ಡಿಯನ್ನು ಒರೆಸಿ, ಮತ್ತೆ ಅದ್ದಿ ನೋಡಿರಿ. ಮೇಲಿನ ಗುರುತಿನವರೆಗೆ ಆಯಿಲ್ ತುಂಬಿ, ಕಿಲೋಮೀಟರ್ ಬರೆದಿಡಿರಿ. ಮತ್ತೆ ಅದೇ ಗುರುತಿಗೆ ತರಲು ಎಷ್ಟು ಬೇಕಾಯಿತೆಂದು ಲೆಕ್ಕ ಹಾಕಿರಿ. 1,200 ಕಿ.ಮೀ. ಓಡಿದ ಮೇಲೆ 600 ಮಿ.ಲೀ. ಹಿಡಿದರೆ 1,000 ಕಿ.ಮೀ.ಗೆ ಅರ್ಧ ಲೀಟರ್ ಆಯಿತು. ಎಷ್ಟರವರೆಗೆ ಸರಿ ಎಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ. ಕೆಲವು ಕಂಪನಿಗಳು 1,000 ಕಿ.ಮೀ.ಗೆ ಅರ್ಧ ಲೀಟರನ್ನೂ ಒಪ್ಪುತ್ತವೆ. ಆದರೆ ಈ ತಿಂಗಳ ಲೆಕ್ಕಕ್ಕಿಂತ ಮುಂದಿನ ತಿಂಗಳದು ಏರುತ್ತಾ ಹೋದರೆ ತಡಮಾಡಬಾರದು.

6. ಕೊಳ್ಳುವಾಗ ಎಚ್ಚರ

ಮುಂಜಾನೆಯೇ ಹೋಗಿ, ಎಂಜಿನ್ ತಣ್ಣಗಿರುವಾಗಲೇ ನೋಡಿರಿ. ನೀವು ತಲುಪುವ ಮೊದಲೇ ಎಂಜಿನ್ ಬೆಚ್ಚಗಿದ್ದರೆ ಕಾರಣ ಕೇಳಿರಿ, ಇಲ್ಲವೆ ಇನ್ನೊಂದು ದಿನ ಬರುವುದಾಗಿ ಹೇಳಿರಿ. ತೀರ ಮಂದವಾದ ಆಯಿಲ್ ತುಂಬಿ ಹೊಗೆಯನ್ನು ಕೆಲವು ದಿನ ಮರೆಮಾಡುವವರೂ ಇದ್ದಾರೆ. ಕಾರನ್ನು ನೀವೇ ಓಡಿಸಿರಿ. ಹಿಂದೆ ಬೈಕಿನಲ್ಲಿ ಒಬ್ಬರು ಬಂದು ಹೊಗೆ ನೋಡಲಿ.

7. ಅಪಾಯದ ಮಾತು

ಕೆಂಪು ಆಯಿಲ್ ದೀಪ ಹೊತ್ತುವುದು ಆಯಿಲ್ ಒತ್ತಡ ಬಿದ್ದ ಮೇಲೆ. ಆಗ ಒಂದು ಫರ್ಲಾಂಗೂ ಮುಂದೆ ಹೋಗದೆ ಎಂಜಿನ್ ಆರಿಸಿರಿ. ಇಲ್ಲವಾದರೆ ಬೇರಿಂಗು ಹಿಡಿದುಕೊಂಡು ಎಂಜಿನ್ನೇ ಹಾಳಾದೀತು. ಡೀಸೆಲ್ ಎಂಜಿನ್ ಹೆಚ್ಚು ಆಯಿಲ್ ಎಳೆದುಕೊಂಡರೆ ಅದನ್ನೇ ಇಂಧನ ಮಾಡಿಕೊಂಡು, ಕೀ ತಿರುಗಿಸಿದರೂ ನಿಲ್ಲದೆ ಅಬ್ಬರಿಸುವುದುಂಟು. ಆಗ ಗೇರ್ ಹಾಕುವ ಕಾರಾದರೆ ಬ್ರೇಕನ್ನು ಬಲವಾಗಿ ಒತ್ತಿ, ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ನಿಲ್ಲುತ್ತದೆ. ಆಗಲೂ ನಿಲ್ಲದಿದ್ದರೆ ಎಲ್ಲರೂ ಇಳಿದು ದೂರ ಸರಿಯಿರಿ.

ರಟ್ಟು, ಅಳತೆ ಕಡ್ಡಿ, ಒಂದು ಚೀಟಿ, ಪೆನ್ಸಿಲ್ಲು: ಈ ಪರೀಕ್ಷೆಗೆ ಬೇಕಾದದ್ದು ಬಹುಪಾಲು ಇಷ್ಟೇ. ಬರೆದ ಚೀಟಿಯನ್ನು ಮೆಕ್ಯಾನಿಕ್ಕಿಗೆ ತೋರಿಸಿ ಮಾತಾಡಿರಿ. ಬೋರಿನ ಕೆಲಸ ಬೇಕೆಂದರೆ ಯಾವ ಗುರುತಿನಿಂದ ಹಾಗೆ ಹೇಳುತ್ತೀರೆಂದು ಕೇಳಿರಿ. ವರ್ಷವಿಡೀ ದುಡಿದ ಹಣವನ್ನು ಕೇಳಿ ತಿಳಿದು ಖರ್ಚು ಮಾಡುವುದು ಜಾಣತನ.